ಯಾವ ತೋಟದ ರೈಟರ್?

ಖಜಾಂಚಿ ಉತ್ತಯ್ಯನವರಿಗೆ ನಮಸ್ಕಾರ.
ಲೆಕ್ಕ ಕೇಳಿದ್ದಿರಿ. ತಡವಾಯಿತು.
ಹನ್ನೆರಡು ಶನಿವಾರಕ್ಕೆ ಆರು ಸಾವಿರ ಕೊಟ್ಟಿದ್ದಿರಿ,
ಮಕ್ಕಳಿಗೆ ಪದ್ಯ ಹೇಳಿಕೊಡಲೆಂದು.
ವಿರಾಜಪೇಟೆಯಿಂದ ಸಿದ್ದಾಪುರಕ್ಕೆ ಸರ್ಕಾರಿ ಬಸ್ಸು,
ಹೆಂಗಸಾದ್ದರಿಂದ ಸೊನ್ನೆ ರೂಪಾಯಿ;
ಆ ಸೊನ್ನೆಯ ಟಿಕೆಟ್ಟುಗಳನ್ನೂ ಪಿನ್ನು ಹೊಡೆದಿದ್ದೇನೆ.
ಅಲ್ಲಿಂದ ಮಾಲ್ದಾರೆಗೆ ಜೀಪು. ಜೀಪಿನವ ಚೀಟಿ ಕೊಡುವುದಿಲ್ಲ.
ಮೂರನೆಯ ಶನಿವಾರ ಆನೆ ರಸ್ತೆಗೆ ಅಡ್ಡ ನಿಂತು
ಒಂದೂವರೆ ತಾಸು. ಅದಕ್ಕೂ ಚೀಟಿ ಇಲ್ಲ.

ಪೆನ್ಸಿಲ್ ಎರಡು ಡಜನ್.
ಚೀಲ ಒದ್ದೆಯಾದರೆ ಪೆನ್ನಿನ ಅಕ್ಷರ ಕರಗುತ್ತದೆ,
ಪೆನ್ಸಿಲಿನದು ನಿಲ್ಲುತ್ತದೆ.
ರಬ್ಬರು ಬೇಕೆಂದೇ ಕೊಳ್ಳಲಿಲ್ಲ.
ಒಂದು ಗೀಟು ಹೊಡೆದು ಮುಂದೆ ಹೋಗಲಿ,
ಬೇಡವಾದ ಪದವೂ ಅಲ್ಲೇ ಕಾಣುತ್ತಿರಲಿ.

ಮೊದಲ ದಿನ ಕರಿಹಲಗೆಯ ಮೇಲೆ ಹೆಸರು ಬರೆದು
ನಾನು ರೈಟರ್ ಅಂದೆ. ಇಂಗ್ಲಿಷಿನಲ್ಲಿ ಹೇಳಿದರೆ
ತೂಕ ಬಂದೀತೆಂಬ ಪೆದ್ದುತನ.
ಹಿಂದಿನ ಬೆಂಚಿನ ಚೋಮಿ ಕೇಳಿದಳು:
"ಯಾವ ತೋಟದ ರೈಟರ್?"

ನಿಮಗೆ ಗೊತ್ತೇ ಇದೆ, ನಿಮ್ಮಲ್ಲೂ ಒಬ್ಬರಿದ್ದಾರೆ,
ಸಂಜೆ ಕಣದಲ್ಲಿ ತಕ್ಕಡಿಯ ಪಕ್ಕ ಕೂತು
ಯಾರು ಎಷ್ಟು ಕಿಲೋ ಹಣ್ಣು ಕುಯ್ದರೆಂದು ಬರೆಯುವವರು.
ಅವರು ಬರೆದದ್ದೇ ಕೂಲಿ. ಬರೆಯದೆ ಬಿಟ್ಟದ್ದು
ಕುಯ್ದೇ ಇಲ್ಲ.
ಇಪ್ಪತ್ತೊಂದು ಮಕ್ಕಳು ನನ್ನ ಕೈ ನೋಡಿದರು,
ಪುಸ್ತಕ ಎಲ್ಲಿ, ತಕ್ಕಡಿ ಎಲ್ಲಿ ಎಂದು.
ಸಿದ್ಧಮಾಡಿಕೊಂಡು ಹೋದ ಪಾಠ
ಚೀಲದಲ್ಲೇ ಉಳಿಯಿತು.

"ರೈಟರ್ ಬಿಟ್ಟದ್ದೇನು, ಅದನ್ನು ಬರೆಯಿರಿ" ಎಂದೆ.
ನನ್ನ ಇಡೀ ಬೋಧನೆ ಅಷ್ಟೇ.
ಶಂಸು ಬರೆದ: ಅಮ್ಮನ ಸೆರಗಿನಲ್ಲಿ ಮನೆಗೆ ಬಂದ ಚಗಳಿ.
ಅಸ್ಸಾಮಿನಿಂದ ಬಂದ ರುಖ್ಸಾನಾ, ಕನ್ನಡದ ಅಕ್ಷರ ಬಾರದವಳು,
ಗೋಣಿಚೀಲದ ಚಿತ್ರ ಬರೆದು ಮೇಲೊಂದು ಚುಕ್ಕೆ ಇಟ್ಟಳು.
ಮಲಗಿದ ತಮ್ಮ, ಅಂದಳು.
ಚೋಮಿ ಮನೆಮಾತಿನ ಒಂದು ಪದ ತಂದಳು,
ಹಣ್ಣು ಕಿತ್ತ ಮೇಲೆ ಹಗುರಾದ ರೆಕ್ಕೆ
ಮೇಲಕ್ಕೆ ಚಿಮ್ಮುವುದಕ್ಕೆ.
ಕನ್ನಡದಲ್ಲಿ ಹುಡುಕಿದೆ, ನನಗೆ ಸಿಗಲಿಲ್ಲ.
ಆ ಪದವನ್ನು ಈ ಕಾಗದದಲ್ಲಿ ಬರೆಯುವುದಿಲ್ಲ.
ಅದು ಅವಳದು, ಅವಳೇ ಮೊದಲು ಅಚ್ಚು ಹಾಕಿಸಲಿ.

ಹೊಸವರ್ಷ ಕಳೆದದ್ದೇ ಕುಯ್ಲು. ಬೆಂಚು ಖಾಲಿ.
ಹೆಡ್‌ಮಾಸ್ತರರು ಹಾಜರಿ ಪುಸ್ತಕ ತೋರಿಸಿ ನಕ್ಕರು.
ಪದ್ಯ ಲೈನ್‌ಮನೆಯ ಜಗಲಿಗೆ ಹೋಯಿತು,
ತೂಕ ಮುಗಿದ ಮೇಲೆ.
ಅಲ್ಲಿನ ರೈಟರ್ ಪೌಲೋಸ್ ಮಾತಾಡದೆ
ಹಳೆಯ ಚೆಕ್‌ರೋಲ್ ಪುಸ್ತಕ ನಾಲ್ಕು ತಂದು ಹಾಕಿದರು.
ಹಿಂಬದಿ ಖಾಲಿ ಇದೆ, ಎಂದರು.
ಮತ್ತೆ ಬಲ್ಬಿಗೊಂದು ಉದ್ದ ವಯರು.
ನೋಟ್‌ಬುಕ್ಕಿಗೆಂದು ಇಟ್ಟ ಹಣ, ನಿಜ ಹೇಳುತ್ತೇನೆ,
ಬನ್ನಿಗೆ, ಬಾಳೆಹಣ್ಣಿಗೆ ಹೋಯಿತು.
ಹಸಿವಿನಲ್ಲಿ ಕವಿತೆ ಹುಟ್ಟುತ್ತದೆ ಎಂದವರು
ಮಧ್ಯಾಹ್ನ ಉಂಡವರು.

ಕೊನೆಯ ಶನಿವಾರ ಶಂಸು ಎಲ್ಲ ಹಾಳೆ ಸೇರಿಸಿ
ದಾರ ಕಟ್ಟಿ ತಕ್ಕಡಿಗೆ ಹಾಕಿಯೇ ಬಿಟ್ಟ.
ಮುಳ್ಳು ಕದಲಲಿಲ್ಲ. ಅದು ಮೂಟೆಯ ತಕ್ಕಡಿ.
ಪೌಲೋಸ್ ಕನ್ನಡಕ ಏರಿಸಿ, ಆ ದಿನದ ಪುಟ ತೆರೆದು
ಇಪ್ಪತ್ತೊಂದು ಹೆಸರು ಒಂದರ ಕೆಳಗೊಂದು ಬರೆದರು.
ಕಿಲೋ ಎಂಬಲ್ಲಿ ಏನೂ ಬರೆಯಲಿಲ್ಲ.
ಸಾಹುಕಾರರು ಕೇಳಿದರೆ? ಎಂದೆ.
"ಬಂದಿದ್ದರು, ಅಂತೇನೆ."

ನನ್ನ ಗೌರವಧನ ವಾರಕ್ಕೆ ನೂರೈವತ್ತು.
ತೆಗೆದುಕೊಂಡಿದ್ದೇನೆ. ಬೇಡವೆನ್ನುವ ದೊಡ್ಡತನ ನನಗಿಲ್ಲ;
ಅದರಲ್ಲಿ ಒಂದು ಗ್ಯಾಸ್ ಸಿಲಿಂಡರು ಬಂತು,
ಆ ಒಲೆಯ ಮುಂದೆ ನನ್ನವೂ ಎರಡು ಪದ್ಯ.
ರೆವಿನ್ಯೂ ಸ್ಟ್ಯಾಂಪಿನ ಮೇಲೆ ಸಹಿ ಮಾಡಿದ್ದೇನೆ.
ಉಳಿಕೆ ನಲವತ್ತೇಳು ರೂಪಾಯಿ ಲಕೋಟೆಯಲ್ಲಿದೆ.

ಮುಂದಿನ ವರ್ಷ ಕೊಡುವುದಾದರೆ ಜೂನಿನಲ್ಲೇ ಕೊಡಿ.
ಅರ್ಜಿಯಲ್ಲಿ ಫಲಿತಾಂಶ ಎಂಬ ಕಾಲಮ್ಮಿದೆಯಲ್ಲ,
ಅದನ್ನು ಸ್ವಲ್ಪ ಅಗಲ ಮಾಡಿಸಿ,
ಇಲ್ಲವೇ ತೆಗೆದುಬಿಡಿ.
ಚೋಮಿ ಎಂಟನೆಯದಕ್ಕೆ ಸಿದ್ದಾಪುರಕ್ಕೆ ಹೋಗಬೇಕು.
ಅವಳಿಗೂ ಬಸ್ಸು ಸೊನ್ನೆ ರೂಪಾಯಿಯೇ,
ಆದರೆ ಆ ಹೊತ್ತಿಗೆ ಬಸ್ಸು ಇಲ್ಲ.
ಜೀಪಿನವನಿಗೆ ಹೇಳಿದ್ದೇನೆ,
ಇನ್ನು ಮೇಲೆ ಚೀಟಿ ಕೊಡಬೇಕೆಂದು.